ಅಂಟು ಬೇಡದ ಕವಂದಿ

ಧಾರವಾಡದಿಂದ ಹಳಿಯಾಳದ ಬಸ್ಸು ಹತ್ತಿದರೆ ಬಯಲು ಹಿಂದೆ ಸರಿದು ಕಾಡು ಎದುರಾಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳು ಸಿದ್ದಿ ಜನರ ನೆಲೆ. ಪೋರ್ಚುಗೀಸರು, ಅರಬ್ ವರ್ತಕರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಹಲವರು ಗೋವೆಯಿಂದ ತಪ್ಪಿಸಿಕೊಂಡು ಈ ಘಟ್ಟ ಸೇರಿದರು. ಅವರ ಸಂತತಿಯವರೇ ಇವರು. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಅಂಗಳದ ಬಿಸಿಲಿಗೆ ಹರವಿದ ಬಣ್ಣಬಣ್ಣದ ಹೊದಿಕೆಯೇ ಇವರ 'ಕವಂದಿ'. ನಮ್ಮ ಕೌದಿಯ ಹತ್ತಿರದ ನೆಂಟ. ಮಳೆಗಾಲದ ಥಂಡಿಗೆ ಹೊದೆಯಲು, ಹಾಸಲು, ಮಗುವನ್ನು ಮಲಗಿಸಲು ಇದೇ ಬೇಕು.

ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವವರಿಗೆಲ್ಲ ಒಂದೇ ತಲೆನೋವು. ಮೇಲಿನ ಪದರ ಜಾರಿದರೆ ಕೆಳಗಿನದು ಸುಕ್ಕುಗಟ್ಟುತ್ತದೆ. ಪೇಟೆಯಲ್ಲಿ ಇದಕ್ಕೆಂದೇ ಅಂಟಿನ ಸ್ಪ್ರೇ ಸಿಗುತ್ತದೆ. ಸಿದ್ದಿ ಹೆಂಗಸರಿಗೆ ಅಂಟೂ ಬೇಡ, ಪಿನ್ನೂ ಬೇಡ. ಹಳೆಯ ಸೀರೆಯನ್ನು ಅಡಿಗೆ ಹಾಸಿಕೊಂಡು ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಚಿಂದಿಯ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿ, ಸೂಜಿಯನ್ನು ಮೇಲೆ ಕೆಳಗೆ ಓಡಿಸುತ್ತ ಅಂಚಿನುದ್ದಕ್ಕೂ ಸುತ್ತು ಬರುತ್ತಾರೆ. ಸುತ್ತಿನೊಳಗೆ ಸುತ್ತು ಬೆಳೆದು ಕೊನೆಗೆ ನಡುಭಾಗ ತುಂಬುತ್ತದೆ. ಒಂದು ಸಲಕ್ಕೆ ಒಂದೇ ತುಂಡನ್ನು ಕೈಯಲ್ಲಿ ಹಿಡಿಯುವುದರಿಂದ ಜಾರುವ ಮಾತೇ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ 'ಫುಲ', ಅಂದರೆ ಹೂವು. ಅದಿಲ್ಲದಿದ್ದರೆ ಕವಂದಿ ಬರಿಮೈ ಎಂಬ ಭಾವನೆ ಅವರದು.

ರಜೆಯಲ್ಲಿ ಮಕ್ಕಳೂ ಮನೆಯಲ್ಲಿ ಹೊದಿಕೆ ಹೊಲಿಯಬಹುದು. ಹೊಸಬರಿಗೆ ಪಿನ್ನಿನ ದಾರಿ ಸುಲಭ. ಅಡಿಯ ಬಟ್ಟೆಯನ್ನು ಒಳಮೈ ಮೇಲಾಗಿಸಿ, ಎಳೆದು ಹಾಸಿ, ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಅದರ ಮೇಲೆ ಹತ್ತಿಯ ಪದರ, ಆಮೇಲೆ ಮೇಲ್ಬಟ್ಟೆ. ನಡುವಿನಿಂದ ಅಂಚಿನತ್ತ ಅಂಗೈಯಿಂದ ಸವರುತ್ತ, ಅಂಗೈಯಗಲಕ್ಕೊಂದರಂತೆ ಸೇಫ್ಟಿ ಪಿನ್ ಚುಚ್ಚಿ. ಗುಂಡುಸೂಜಿಯಾದರೆ ಕೈಗೆ ಚುಚ್ಚುತ್ತದೆ, ಕಳಚಿಯೂ ಬೀಳುತ್ತದೆ. ಹೊಲಿಗೆ ಹತ್ತಿರ ಬಂದಂತೆ ಪಿನ್ ತೆಗೆಯಿರಿ. ಮಳೆಗಾಲದಲ್ಲಿ ಹಾಗೇ ಬಿಟ್ಟರೆ ತುಕ್ಕಿನ ಕಲೆ ಕೂರುತ್ತದೆ. ಸಿದ್ದಿಯರು ಅಂಚಿನಿಂದ ಒಳಕ್ಕೆ, ನಾವು ನಡುವಿನಿಂದ ಹೊರಕ್ಕೆ. ದಾರಿ ಬೇರೆಯಾದರೂ ಸುಕ್ಕು ಉಳಿಯಬಾರದು ಎಂಬುದೇ ಇಬ್ಬರ ಹಟ.

2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅಲ್ಲಿ ಗೋಡೆಗೇರಿದ ಈ ಹೊಲಿಗೆಗೆ ಬರೆದಿಟ್ಟ ಪಾಠವಿಲ್ಲ. ತಾಯಿಯ ಪಕ್ಕ ಕೂತು ಮಗಳು ನೋಡಿ ಕಲಿಯಬೇಕು. ಮಕ್ಕಳು ಓದಲೆಂದು ಊರು ಬಿಡುವುದು ಸಂತೋಷದ ಸಂಗತಿಯೇ. ಆದರೆ ರಜೆಗೆ ಬಂದಾಗಲಾದರೂ ಸೂಜಿ ಹಿಡಿಯದಿದ್ದರೆ ಈ ವಿದ್ಯೆ ಅಜ್ಜಿಯರೊಂದಿಗೇ ಮುಗಿದೀತು.

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿ.ಮೀ., ಧಾರವಾಡದಿಂದ ಹಳಿಯಾಳಕ್ಕೆ ಅದರ ಅರ್ಧ. ಮಕ್ಕಳನ್ನು ಕರೆದುಕೊಂಡು ಹೋಗಿ. ಕವಂದಿ ಕೊಳ್ಳುವುದಾದರೆ ಅದರ ಹಿಂದಿರುವ ದಿನಗಟ್ಟಲೆಯ ದುಡಿಮೆಯನ್ನು ನೆನೆದು ಚೌಕಾಸಿ ಕೈಬಿಡಿ.