ಎಸ್. ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ

ಕೆಂಪೇಗೌಡರು 1537ರಲ್ಲಿ ನೆಲೆಗೊಳಿಸಿದರೆಂದು ಹೇಳುವ ಬೆಂಗಳೂರಿನ ಹಳೆಯ ಪೇಟೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ಕಸುಬು. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ ಎಂಬ ಹೆಸರುಗಳೇ ಅಲ್ಲಿ ಹಿಂದೆ ಏನು ಮಾರುತ್ತಿದ್ದರೆಂಬುದನ್ನು ಸಾರುತ್ತವೆ. ಆ ಪೇಟೆಗೆ ಹೊಂದಿಕೊಂಡು, ಪುರಭವನಕ್ಕೆ ಸಮೀಪದಲ್ಲಿರುವ ಸಾದರ ಪತ್ರಪ್ಪ ರಸ್ತೆಗೆ ಅಂತಹ ಹೆಸರಿಲ್ಲ. ಆದರೂ ಕಸುಬಿನ ನಿಷ್ಠೆಯಲ್ಲಿ ಅದು ಯಾವ ಪೇಟೆಗೂ ಕಡಮೆಯಲ್ಲ. ಜನರ ಬಾಯಲ್ಲಿ ಅದು ಎಸ್. ಪಿ. ರಸ್ತೆ. ಕಂಪ್ಯೂಟರಿನ ಅಂಗಾಂಗಗಳೆಲ್ಲವೂ ಅಲ್ಲಿ ಬಿಡಿಬಿಡಿಯಾಗಿ ದೊರೆಯುತ್ತವೆ.

ರಸ್ತೆ ಎಂದೆನಲ್ಲವೆ? ನಡೆಯುವುದಕ್ಕೆ ಅಲ್ಲಿ ಸ್ಥಳವೆಂಬುದಿಲ್ಲ. ಎರಡು ಪಕ್ಕಗಳಲ್ಲಿಯೂ ಸ್ಕೂಟರುಗಳ ಸಾಲು, ನಡುವೆ ಪೆಟ್ಟಿಗೆಗಳನ್ನು ಹೊತ್ತ ಕೂಲಿಗಳು, ಮೇಲೆ ಬಳ್ಳಿಗಳಂತೆ ಹೆಣೆದುಕೊಂಡ ತಂತಿಗಳು. ಒಂದು ಅಂಗಡಿಯಲ್ಲಿ ತಂತಿಯ ಸುರುಳಿಗಳು ಮಾತ್ರ. ಪಕ್ಕದಲ್ಲಿ ಪುಟ್ಟ ಪುಟ್ಟ ಬೀಸಣಿಗೆಗಳು ಮಾತ್ರ. ಇಕ್ಕಟ್ಟಾದ ಮೆಟ್ಟಲುಗಳನ್ನು ಹತ್ತಿದರೆ ಮಹಡಿಯ ಮೇಲೆ ಇನ್ನೂ ಹತ್ತು ಮಳಿಗೆಗಳು. ವರ್ತಕನು ಒಬ್ಬನೊಡನೆ ಹಿಂದಿಯಲ್ಲಿಯೂ ಇನ್ನೊಬ್ಬನೊಡನೆ ತಮಿಳಿನಲ್ಲಿಯೂ ಮಾತನಾಡುತ್ತ, ನಮ್ಮನ್ನು ಕಂಡೊಡನೆ ಕನ್ನಡಕ್ಕೆ ತಿರುಗುವ ಚಾತುರ್ಯವನ್ನು ನೋಡಿಯೇ ಸವಿಯಬೇಕು.

2025ರ ಆಗಸ್ಟ್ ತಿಂಗಳಿನಲ್ಲಿ ನಾನು ಅಲ್ಲಿಗೆ ಹೋದದ್ದು ನನ್ನ ಸೋದರಸೊಸೆಯ ಸಲುವಾಗಿ. ತುಮಕೂರಿನ ಹುಡುಗಿ; ವಾಸ್ತುಶಿಲ್ಪದ ಕಡೆಯ ವರ್ಷದ ವಿದ್ಯಾರ್ಥಿನಿ. ಕಟ್ಟಡದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬಿಸಿಲು ನೆರಳುಗಳೊಡನೆ ನಿಜದಂತೆ ಕಾಣಿಸುವ ಚಿತ್ರವಾಗಿ ಮಾಡುವುದು ಅವಳ ಕೆಲಸ. ಮನೆಯಲ್ಲಿದ್ದ 2019ರ ಯಂತ್ರವು ಆ ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತಿತ್ತು. ಡಿಸೆಂಬರಿನಲ್ಲಿ ಪ್ರಬಂಧವನ್ನು ಒಪ್ಪಿಸಬೇಕು. ನನ್ನ ತಂಗಿ ಚೀಟಿಯನ್ನು ಎತ್ತಿ 32,000 ರೂಪಾಯಿಗಳನ್ನು ಕೊಟ್ಟು, “ಅಣ್ಣಾ, ಇದರ ಮೇಲೆ ಒಂದು ಕಾಸೂ ಇಲ್ಲ” ಎಂದು ಹೇಳಿ ಕಳುಹಿಸಿದ್ದಳು. ಹೊಸ ಯಂತ್ರವನ್ನೇ ಕೊಳ್ಳುವುದಕ್ಕೆ ಆ ಹಣ ಸಾಲದು; ಗ್ರಾಫಿಕ್ಸ್ ಕಾರ್ಡೊಂದನ್ನು ಬದಲಾಯಿಸಬಹುದು.

ಈ ಕಾರ್ಡು ಏನು ಮಾಡುತ್ತದೆಂಬುದನ್ನು ವಾಚಕರಿಗೆ ಮದುವೆಯ ಮನೆಯ ಉದಾಹರಣೆಯಿಂದ ಹೇಳುತ್ತೇನೆ. ಯಂತ್ರದ ಮುಖ್ಯ ಪ್ರೊಸೆಸರಿನಲ್ಲಿ ನಾಲ್ಕಾರು ಮಂದಿ ನುರಿತ ಅಡಿಗೆಯವರಿರುತ್ತಾರೆ; ಯಾವ ಕೆಲಸವನ್ನಾದರೂ ಮಾಡಬಲ್ಲರು. ಆದರೆ ಹತ್ತು ಮೂಟೆ ಅಕ್ಕಿಯಲ್ಲಿ ಕಲ್ಲನ್ನು ಆರಿಸಬೇಕಾದರೆ ಬೇಕಾದುದು ನೈಪುಣ್ಯವಲ್ಲ, ಕೈಗಳು. ಸಾಧಾರಣವಾದ ಪರದೆಯ ಮೇಲೆ 1920ಕ್ಕೆ 1080ರಂತೆ ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಯ ಬಣ್ಣವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಅದಕ್ಕಾಗಿ ಕಾರ್ಡಿನಲ್ಲಿ ಸಾವಿರಾರು ಸಣ್ಣ ಗಣಕಗಳು ಏಕಕಾಲದಲ್ಲಿ ದುಡಿಯುತ್ತವೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಎಂಬುದರಲ್ಲಿ ಅಂತಹವು 3,584. ಅವುಗಳ ಪಕ್ಕದಲ್ಲಿಯೇ ಒಂದು ಉಗ್ರಾಣವುಂಟು. ಅದಕ್ಕೆ ವಿ-ರ್ಯಾಮ್ ಎಂದು ಹೆಸರು. ಚಿತ್ರದ ಸಾಮಗ್ರಿಯೆಲ್ಲ ಆ ಉಗ್ರಾಣದಲ್ಲಿ ಹಿಡಿಸಿದರೆ ಕೆಲಸ ಸಾಗೀತು. ಹಿಡಿಸದಿದ್ದರೆ ಸಾಮಾನನ್ನು ದೂರದ ಕೋಣೆಯಿಂದ ಹೊತ್ತು ತರಬೇಕಾಗಿ ಕೈಗಳೆಲ್ಲ ಸುಮ್ಮನೆ ಕುಳಿತಿರುತ್ತವೆ, ಇಲ್ಲವೆ ಕೆಲಸವೇ ನಿಂತುಹೋಗುತ್ತದೆ. ಹುಡುಗಿಯ ಹಳೆಯ ಕಾರ್ಡಿನ ಉಗ್ರಾಣ 4 ಜಿ.ಬಿ. ಅವಳ ಕಷ್ಟವೆಲ್ಲ ಅಲ್ಲಿಯೇ ಇದ್ದಿತು.

ಮೊದಲನೆಯ ಅಂಗಡಿಯವನು ಕೇಳಿದ ಪ್ರಶ್ನೆ ನನಗೆ ಮೆಚ್ಚಿಕೆಯಾಯಿತು. “ಆಟಕ್ಕೋ ಸರ್, ಕೆಲಸಕ್ಕೋ?” ಕೊಳ್ಳುವವರು ತಮ್ಮನ್ನು ತಾವೇ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಕೆಲಸಕ್ಕೆ ಎಂದೊಡನೆ ಅವನು 2025ರ ಮೇ ತಿಂಗಳಿನಲ್ಲಿ ಹೊರಬಂದ ಆರ್‌ಟಿಎಕ್ಸ್ 5060ನ್ನು ತೋರಿಸಿದನು. ವೇಗದಲ್ಲಿ ಅದು 3060ಕ್ಕಿಂತ ಸ್ಪಷ್ಟವಾಗಿ ಮುಂದು. ಆದರೆ ಉಗ್ರಾಣ 8 ಜಿ.ಬಿ. ಮಾತ್ರ. 2021ರಲ್ಲಿ ಬಂದ 3060ಕ್ಕೆ 12 ಜಿ.ಬಿ. ಹಳೆಯದಾದರೂ ಮನೆ ದೊಡ್ಡದು. ಹೊಸದರಲ್ಲಿಯೇ 16 ಜಿ.ಬಿ. ಬೇಕೆಂದರೆ 5060 ಟಿಐ ಇತ್ತು. ಅದು ನಮ್ಮ ಚೀಟಿಗೆ ಎಟುಕುವಂತಿರಲಿಲ್ಲ.

“ಮಾವ, ನನ್ನ ಬೋರ್ಡು ಹಳೆಯದು. ಅದನ್ನೂ ನೋಡಬೇಕು” ಎಂದಳು ಹುಡುಗಿ. ಮಾತು ಸರಿಯಾದುದೇ. ಕಾರ್ಡು ಕೂರುವ ಗಾಡಿಯಲ್ಲಿ ಹದಿನಾರು ಹಾದಿಗಳಿರುತ್ತವೆ. 5060 ಎಂಟನ್ನು ಮಾತ್ರ ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಹಾದಿಗಳು ಅಗಲವಾದ್ದರಿಂದ ಅದೇನೂ ಕೊರತೆಯಲ್ಲ. ಅವಳ ಬೋರ್ಡು ಮೂರನೆಯ ಪೀಳಿಗೆಯದು, ಹಾದಿಗಳು ಇಕ್ಕಟ್ಟು. ಉಗ್ರಾಣ ತುಂಬಿ ಹೊರಗಿನಿಂದ ಸಾಮಾನು ಬರಬೇಕಾದ ಸಮಯದಲ್ಲಿ ಆ ಕೊರತೆ ಎದ್ದು ಕಾಣುವುದು. 3060 ಹದಿನಾರನ್ನೂ ಬಳಸುತ್ತದೆ. ಇಂಟೆಲ್ ಕಂಪನಿಯ ಬಿ580 ಎಂಬ ಕಾರ್ಡಿನಲ್ಲಿಯೂ 12 ಜಿ.ಬಿ. ಉಂಟು, ಬೆಲೆಯೂ ಹಿತವಾಗಿತ್ತು. ಆದರೆ ಹಳೆಯ ಪ್ರೊಸೆಸರುಗಳೊಡನೆ ಅದು ತನ್ನ ಪೂರ್ಣಶಕ್ತಿಯನ್ನು ತೋರುವುದಿಲ್ಲವಾದ್ದರಿಂದ ಅದನ್ನು ಬಿಟ್ಟೆವು.

ಮಹಡಿಯ ಮೇಲಿನ ಒಂದು ಮಳಿಗೆಯಲ್ಲಿ 3060ನ್ನು ಮಿಕ್ಕವರಿಗಿಂತ ಅಗ್ಗಕ್ಕೆ ಕೊಡುತ್ತೇವೆಂದರು. ನಾನು ಹಣದ ಕೈಚೀಲವನ್ನು ತೆಗೆಯುವಷ್ಟರಲ್ಲಿ ಹುಡುಗಿ ಪೆಟ್ಟಿಗೆಯನ್ನು ಹೊರಳಿಸಿ ಅಂಚಿನಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿ, ಮೌನವಾಗಿ ನನ್ನ ಕಡೆಗೆ ತಿರುಗಿಸಿದಳು. 8 ಜಿ.ಬಿ.! ಅದೇ ಹೆಸರಿನಲ್ಲಿ 2022ರ ಕೊನೆಯಲ್ಲಿ ಹೊರಬಂದ ಬಡ ತಮ್ಮನದು. ಅದರ ಉಗ್ರಾಣ ಮಾತ್ರವಲ್ಲ, ಉಗ್ರಾಣದ ಬಾಗಿಲೂ ಕಿರಿದು: ಅಣ್ಣನಿಗೆ 192 ಬಿಟ್, ತಮ್ಮನಿಗೆ 128. ಒಂದೇ ಹೆಸರಿನಲ್ಲಿ ಎರಡು ಸರಕನ್ನು ಮಾರುವ ಈ ಪದ್ಧತಿಯನ್ನು ಯಾರು ಕಲಿಸಿದರೋ, ಗೃಹಸ್ಥರ ಹಿತವಂತೂ ಅವರ ಮನಸ್ಸಿನಲ್ಲಿ ಇರಲಿಲ್ಲ.

ಬಳಸಿದ ಕಾರ್ಡುಗಳ ಆಸೆಯನ್ನೂ ಒಬ್ಬನು ತೋರಿಸಿದನು. ಈಥೀರಿಯಮ್ ಎಂಬ ಅಂಕೀಯ ನಾಣ್ಯವನ್ನು ಗಳಿಸಲು ಒಂದು ಕಾಲದಲ್ಲಿ ಇಂತಹ ಕಾರ್ಡುಗಳನ್ನು ಹಗಲಿರುಳು ಗಾಣದ ಎತ್ತಿನಂತೆ ದುಡಿಸುತ್ತಿದ್ದರು. 2021ರಲ್ಲಿ ಕಾರ್ಡುಗಳಿಗೆ ಬರ ಬಂದದ್ದಕ್ಕೆ ಅದೂ ಒಂದು ಕಾರಣ. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ಪದ್ಧತಿಯೇ ಬದಲಾಗಿ ಕಾರ್ಡುಗಳಿಗೆ ಕೆಲಸ ತಪ್ಪಿತು. ಆಮೇಲೆ ಅನೇಕವು ಹಳೆಯ ಮಾಲಿನ ಅಂಗಡಿಗಳನ್ನು ಸೇರಿದುವು. ಎಲ್ಲವೂ ಕೆಟ್ಟವೆಂದಲ್ಲ. ಆದರೆ ಎಷ್ಟು ದುಡಿದಿದೆಯೆಂದು ಮುಖ ನೋಡಿ ತಿಳಿಯುವಂತಿಲ್ಲ. ಅಂಗಡಿಯವನ ಭರವಸೆಯೂ ಒಂದು ತಿಂಗಳಿನದು. ಡಿಸೆಂಬರಿನವರೆಗೆ ನಾಲ್ಕು ತಿಂಗಳು ಉಳಿದಿದ್ದುವು.

ಇನ್ನು ವಿದ್ಯುತ್ತಿನ ಮಾತು. ಹಳೆಯ ಕಾರ್ಡು 75 ವ್ಯಾಟ್‌ಗಳಲ್ಲಿ ತೃಪ್ತಿಪಡುತ್ತಿತ್ತು. 3060ಕ್ಕೆ 170 ಬೇಕು, ಅದಕ್ಕೆ ಪ್ರತ್ಯೇಕವಾದ ತಂತಿಯೂ ಬೇಕು. ತಯಾರಕರು 550 ವ್ಯಾಟಿನ ಪವರ್ ಸಪ್ಲೈಯನ್ನು ಹೇಳುತ್ತಾರೆ, ಮನೆಯಲ್ಲಿದ್ದುದು 450. ಆದುದರಿಂದ ಅದನ್ನೂ ಕೊಳ್ಳಬೇಕಾಯಿತು. ಕಾರ್ಡಿನ ಬೆಲೆಯನ್ನು ಮಾತ್ರ ಎಣಿಸಿಕೊಂಡು ಹೋಗುವ ಗೃಹಸ್ಥರು ಇದನ್ನು ಗಮನಿಸಬೇಕು. 5060ನ್ನು ಕೊಂಡಿದ್ದರೆ ಇದಕ್ಕೆ ಹಣವೇ ಉಳಿಯುತ್ತಿರಲಿಲ್ಲ. ಪೆಟ್ಟಿಗೆಯ ಒಳಗಿನ ಉದ್ದವನ್ನು ಹುಡುಗಿ ದರ್ಜಿಯ ಟೇಪಿನಲ್ಲಿ ಅಳೆದು ತಂದಿದ್ದಳು. ಎರಡು ಬೀಸಣಿಗೆಯ ಕಾರ್ಡು ಅದರಲ್ಲಿ ಸುಖವಾಗಿ ಹಿಡಿಸುವಂತಿತ್ತು.

ಕೊನೆಗೆ ಪ್ರಶ್ನೆ ಕೇಳಿದ ಆ ಮೊದಲನೆಯ ಅಂಗಡಿಯಲ್ಲಿಯೇ 12 ಜಿ.ಬಿ.ಯ 3060ನ್ನೂ ಪವರ್ ಸಪ್ಲೈಯನ್ನೂ ಕೊಂಡೆವು. ಬಿಲ್ಲಿಲ್ಲದೆ ಕೊಂಡರೆ ಬೆಲೆ ಇಳಿಸುವೆನೆಂದು ಬೇರೆಡೆ ಪಿಸುಗುಟ್ಟಿದವರಿದ್ದರು. ಶೇಕಡ 18ರ ತೆರಿಗೆ ಹಗುರವಾದುದೇನಲ್ಲ. ಆದರೆ ಬಿಲ್ಲಿಲ್ಲದಿದ್ದರೆ ಮೂರು ವರ್ಷದ ವಾರಂಟಿಯನ್ನು ಯಾರಲ್ಲಿ ಕೇಳುವುದು? ಬಿಲ್ಲಿನಲ್ಲಿ ಬರೆದ ಸೀರಿಯಲ್ ಸಂಖ್ಯೆಯನ್ನು ಕಾರ್ಡಿನ ಮೇಲಿನ ಸಂಖ್ಯೆಯೊಡನೆ ಹೋಲಿಸಿ ನೋಡಿದ ಮೇಲೆಯೇ ಅಲ್ಲಿಂದ ಎದ್ದೆವು. ಸಂಜೆಯ ರೈಲಿನಲ್ಲಿ ಹುಡುಗಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ತುಮಕೂರಿಗೆ ಹೊರಟಳು.

ಮರುದಿನ ಬೆಳಗಿನ ಜಾವ ಐದು ಗಂಟೆಗೆ ತಂಗಿಯ ಫೋನು. ರಾತ್ರಿಯೆಲ್ಲ ಮನೆಯಲ್ಲಿ ದೀಪ ಆರಲಿಲ್ಲವಂತೆ. ಅಂಗಳದಲ್ಲಿ ಬೇವಿನ ಮರವೂ ಮರದ ಕೆಳಗೆ ನೆರಳೂ ಇರುವ ಚಿತ್ರವೊಂದು ಪೂರ್ತಿಯಾಗಿ ಮೂಡಿತಂತೆ. ಅದನ್ನು ತೋರಿಸುವುದಕ್ಕೆ ಮಗಳು ಅವಳನ್ನೂ ನಿದ್ರೆಯಿಂದ ಎಬ್ಬಿಸಿದಳಂತೆ.