ಎರಡನೆಯ ಸಮೀಕರಣ ಏಕೆ ಬೇಕು?

ಹತ್ತನೆಯ ತರಗತಿಯ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು’ ಘಟಕದ ಬೋಧನಾಭ್ಯಾಸಕ್ಕೆಂದು ನಾನು ಶಿವಮೊಗ್ಗದಿಂದ ಭದ್ರಾವತಿಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ವರ್ಜಿಸುವ ವಿಧಾನದ ಹಂತಗಳು ಅಲ್ಲಿನ ಹಲವು ಮಕ್ಕಳಿಗೆ ಆಗಲೇ ಬಾಯಿಪಾಠವಾಗಿದ್ದವು. ಆದರೆ “ಒಂದೇ ಸಮೀಕರಣ ಸಾಲದೆ?” ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಮಾರ್ಗದರ್ಶಕ ಶಿಕ್ಷಕರು, “ಪರೀಕ್ಷೆಗೆ ವಿಧಾನ ಗೊತ್ತಿದ್ದರೆ ಸಾಕಮ್ಮ, ಘಟಕ ಮುಗಿಯಬೇಕು” ಎಂದರು. ಅಂಚಿನಲ್ಲಿರುವ ಮಕ್ಕಳನ್ನು ತೇರ್ಗಡೆ ಮಾಡಿಸುವ ಹೊಣೆ ಅವರದು; ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನನಗಿದ್ದ ಮೂರು ಅವಧಿಗಳಲ್ಲಿ ಒಂದನ್ನು ಮಾತ್ರ ಈ ಪ್ರಶ್ನೆಗೆ ಕೇಳಿ ಪಡೆದೆ.

ಲೆಕ್ಕವನ್ನು ಆರಿಸಿದ್ದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಿಂದ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ, 9ನೆಯ ಶತಮಾನದ ಗ್ರಂಥವದು. ಲೆಕ್ಕದ ಸಾರಾಂಶ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿನ ಒಟ್ಟು ಬೆಲೆ 107, 7 ಮಾದಲ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಮಾದಲ ಯಾರಿಗೂ ಗೊತ್ತಿರಲಿಲ್ಲ. ಹೇರಳೆಕಾಯಿಯ ಬಂಧು ಎಂದೆ. ಬೆಲೆಗಳಿಗೆ ‘ಮಾ’, ‘ಬೇ’ ಎಂದು ಹೆಸರಿಟ್ಟೆವು. ಭಾಸ್ಕರಾಚಾರ್ಯನೂ ಯಾವತ್ತಾವತ್, ಕಾಲಕ, ನೀಲಕ ಎಂಬ ಹೆಸರುಗಳ ಮೊದಲಕ್ಷರಗಳನ್ನೇ ಅವ್ಯಕ್ತಗಳಿಗೆ ಬಳಸಿದ್ದ.

ಅನ್ವೇಷಣೆಯ ಹಂತದಲ್ಲಿ ಮೊದಲ ಸಮೀಕರಣವನ್ನಷ್ಟೇ ಹಲಗೆಯ ಮೇಲೆ ಬರೆದೆ: 9ಮಾ + 7ಬೇ = 107. ಗುಂಪುಗಳು ಊಹಿಸಿ ನೋಡತೊಡಗಿದವು. ಒಂದು ಗುಂಪಿಗೆ ಮಾ = 8, ಬೇ = 5 ಸಿಕ್ಕಿತು. ಇನ್ನೊಂದಕ್ಕೆ ಮಾ = 1, ಬೇ = 14. ಎರಡೂ ತಾಳೆಯಾದವು. ತರಗತಿಯಲ್ಲಿ ವಾದವೆದ್ದಿತು. ಅಷ್ಟು ದಿನ ಮಾತಾಡದಿದ್ದ ಹಿಂದಿನ ಬೆಂಚಿನ ಹುಡುಗನೊಬ್ಬ, “ಮಿಸ್, ಬೆಲೆ ಎಂಟೂವರೆ ಇರಬಾರದಾ?” ಎಂದ. ಇರಬಹುದು; ಆಗ ಬೇ = 30.5 ÷ 7. ಉತ್ತರಗಳಿಗೆ ಕೊನೆಯೇ ಇಲ್ಲವೆಂದು ಅವನ ಪ್ರಶ್ನೆಯಿಂದಲೇ ಎಲ್ಲರಿಗೂ ಹೊಳೆಯಿತು. ನಕ್ಷೆಯಲ್ಲಿ ಗುರುತಿಸಿದಾಗ ಅವೆಲ್ಲ ಒಂದೇ ಸರಳರೇಖೆಯ ಮೇಲೆ ಬಿದ್ದವು.

ಆಮೇಲೆ ಎರಡು ಪೂರ್ಣಾಂಕ ಉತ್ತರಗಳನ್ನು ಹೋಲಿಸಿ ನೋಡಲು ಹೇಳಿದೆ. ಮಾ 7 ಏರಿದರೆ ಬೇ 9 ಇಳಿದಿದೆ. ಮಾದಲದ ಬೆಲೆ ಒಂದು ರೂಪಾಯಿ ಏರಿದರೆ, ಒಟ್ಟು ಬದಲಾಗದಿರಲು ಬೇಲದ ಬೆಲೆ 9/7 ರೂಪಾಯಿ ಇಳಿಯಲೇಬೇಕು. ಬಿ.ಎಸ್ಸಿ.ಯಲ್ಲಿ ನಾವು ಸಮೀಕರಣದ ಎರಡೂ ಬದಿಯನ್ನು ಅವಕಲಿಸಿ −9/7 ಎಂದು ಪಡೆಯುವ ನಿಷ್ಪನ್ನ ಇದೇ. ಆ ಪದವನ್ನು ನಾನು ತರಗತಿಯಲ್ಲಿ ಬಳಸಲಿಲ್ಲ. ‘ಇಳಿಯುವ ದರ’ ಎಂದೆ. ಎರಡನೆಯ ಸಮೀಕರಣದಲ್ಲಿ ಆ ದರ −7/9. ದರ ಬೇರೆಯಾದ್ದರಿಂದ ಎರಡು ರೇಖೆಗಳ ಓಟವೂ ಬೇರೆ; ಅವು ಒಂದೇ ಒಂದು ಬಿಂದುವಿನಲ್ಲಿ ಸಂಧಿಸುತ್ತವೆ. ದರ ಒಂದೇ ಆಗಿದ್ದರೆ ಸಮಾಂತರವಾಗುತ್ತವೆ, ಇಲ್ಲವೆ ಒಂದರ ಮೇಲೊಂದು ಕೂರುತ್ತವೆ. ಸಹಗುಣಕಗಳ ಅನುಪಾತದ ನಿಯಮ ಹೇಳುವುದೂ ಇದನ್ನೇ.

“ಹಂಗಾದ್ರೆ ಅದು ಕೂಡಲಿ, ತುಂಗಾ ಭದ್ರಾ ಸೇರೋ ಜಾಗ” ಎಂದಳು ಒಬ್ಬಳು. ಪಕ್ಕದವಳು ಒಪ್ಪಲಿಲ್ಲ: “ಕೂಡಲಿ ಆದಮೇಲೆ ಒಂದೇ ಹೊಳೆ. ಇವು ದಾಟಿ ಹೋಗ್ತವೆ.” ನಾನು ತಿದ್ದುವುದೇನೂ ಉಳಿದಿರಲಿಲ್ಲ.

ಮಾ = 1, ಬೇ = 14 ಎಂಬ ಉತ್ತರವನ್ನು ಎರಡನೆಯ ಸಮೀಕರಣಕ್ಕೆ ಹಾಕಿದರೆ 133 ಬಂತು; ಬೇಕಿದ್ದದ್ದು 101. ಆ ಗುಂಪು ತಾನೇ ಹಿಂದೆ ಸರಿಯಿತು. ಬಿಡಿಸುವಾಗ ಎರಡನ್ನೂ ಕೂಡಿದೆವು: ಮಾ + ಬೇ = 13. ಕಳೆದೆವು: ಮಾ − ಬೇ = 3. ಉತ್ತರ 8 ಮತ್ತು 5.

ಇದಕ್ಕೆ ತೆತ್ತ ಬೆಲೆಯೂ ಇದೆ. ಅಭ್ಯಾಸದ ಲೆಕ್ಕಗಳಿಗೆ ಎರಡೇ ಅವಧಿ ಉಳಿದವು. ವೇಗ ಕೆಲವರಿಗೆ ಇನ್ನೂ ಬಂದಿಲ್ಲ. ಆದರೆ ಮುಂದಿನ ಲೆಕ್ಕಗಳಲ್ಲಿ ಹಲವರು, ನಾನು ಹೇಳದೆಯೇ, ಉತ್ತರವನ್ನು ಎರಡೂ ಸಮೀಕರಣಗಳಿಗೆ ಹಾಕಿ ತಾಳೆ ನೋಡುತ್ತಿದ್ದರು. ಈ ಘಟಕವನ್ನು ಮಾಡಲಿರುವ ಸಹಪಾಠಿಗಳಿಗೆ ನನ್ನ ಸಲಹೆ ಒಂದೇ: ಮೊದಲ ಸಮೀಕರಣವೊಂದಕ್ಕೇ ಎರಡು ಚೆಂದದ ಉತ್ತರಗಳು ಸಿಗುವಂಥ ಲೆಕ್ಕವನ್ನು ಆರಿಸಿ. ಎರಡನೆಯದರ ಅಗತ್ಯವನ್ನು ಮಕ್ಕಳೇ ಕೇಳುತ್ತಾರೆ.