ಸೋತ ಕೈಯ ಕಥೆ

ನಮ್ಮ ಬಂಟ್ವಾಳ ಪೇಟೆಯಲ್ಲಿ ಒಂದು ಕಾಲದಲ್ಲಿ ಯಾರಾದರೂ "ಒಂದು ಕೈ ಹೇಳಲಾ?" ಎಂದು ಕೇಳಿದರೆ, ಅವರು ಕೈ ನೋಡಿ ಭವಿಷ್ಯ ಹೇಳುವವರು ಎಂದು ಯಾರೂ ತಿಳಿಯುತ್ತಿರಲಿಲ್ಲ. ಕೈ ಎಂದರೆ ಇಸ್ಪೀಟಿನ ಕೈ. ಆಡಿ ಮುಗಿದ ಒಂದು ಆಟವನ್ನು, ಬಂದ ಎಲೆಗಳಿಂದ ಹಿಡಿದು ಇಳಿಸಿದ ಎಲೆಗಳವರೆಗೆ, ಇನ್ನೊಬ್ಬರಿಗೆ ವಿವರಿಸಿ "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳುವುದು.

ಇದನ್ನು ನಾನು ಕಲಿತದ್ದು ನೇತ್ರಾವತಿಯ ದಂಡೆಗೆ ಹತ್ತಿರವಿದ್ದ ಒಂದು ಬೀಡಿ ಬ್ರಾಂಚಿನ ಜಗಲಿಯಲ್ಲಿ. ಆದಿತ್ಯವಾರ ಮಧ್ಯಾಹ್ನ ಬ್ರಾಂಚಿಗೆ ರಜೆ. ಅಂದು ಅಲ್ಲಿ 'ಇಪ್ಪತ್ತೆಂಟು' ನಡೆಯುತ್ತಿತ್ತು. ಮೀನಿನ ವ್ಯಾಪಾರದ ಒಬ್ಬ ಬ್ಯಾರಿ ಕಾಕ, ನಿವೃತ್ತ ಹೆಡ್‌ಮಾಸ್ಟ್ರು, ದಿನಸಿ ಅಂಗಡಿಯ ಕೊಂಕಣಿ ಮಾಮ್, ಒಬ್ಬ ಬಸ್ ಕಂಡಕ್ಟರ್. ಹಣ ಇರಲಿಲ್ಲ. ಸೋತವರ ಕಿವಿಗೆ ಹಲಸಿನ ಎಲೆ ಸಿಕ್ಕಿಸುತ್ತಿದ್ದರು, ಅಷ್ಟೇ. ಹೆಡ್‌ಮಾಸ್ಟ್ರ ಕಿವಿಯಲ್ಲಿ ಹಲಸಿನ ಎಲೆ ನೋಡಲೆಂದೇ ನಾವು ಹುಡುಗರು ಅಲ್ಲಿಗೆ ಹೋಗುತ್ತಿದ್ದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಏಳರಿಂದ ಎಕ್ಕದವರೆಗಿನ 32 ಎಲೆ ಮಾತ್ರ. ಈ ಆಟದಲ್ಲಿ ರಾಜ ರಾಣಿಯರಿಗೆ ಮೂರು ಕಾಸಿನ ಬೆಲೆ ಇಲ್ಲ. ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನಿಗೆ 3. ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಎಲ್ಲ ಕೂಡಿದರೆ 28. ಮೊದಲ ನಾಲ್ಕು ಎಲೆ ನೋಡಿ "ನಾನು ಇಷ್ಟು ಮಾಡುತ್ತೇನೆ" ಎಂದು 14ರಿಂದ ಮೇಲಕ್ಕೆ ಕೂಗಬೇಕು. ಹೆಚ್ಚು ಕೂಗಿದವನು ತುರುಫನ್ನು ಮುಚ್ಚಿಡುತ್ತಾನೆ. ಉಳಿದ ನಾಲ್ಕು ಎಲೆ ಬರುವುದು ಆಮೇಲೆ. ಅಂದರೆ ಅರ್ಧ ಕೈ ನೋಡಿ ಪೂರ್ತಿ ಮಾತು ಕೊಡುವ ಆಟ. ಬದುಕೂ ಹೆಚ್ಚು ಕಡಿಮೆ ಹಾಗೆಯೇ ಎಂದು ಕಾಕ ನಗುತ್ತಿದ್ದರು.

1993ರಲ್ಲಿ, ನನಗೆ ಹದಿನಾಲ್ಕು ವರ್ಷ. ಕಂಡಕ್ಟರಿಗೆ ಡ್ಯೂಟಿ ಇದ್ದ ಒಂದು ಆದಿತ್ಯವಾರ ಕಾಕ ನನ್ನನ್ನು ಎದುರಿಗೆ ಕೂರಿಸಿಕೊಂಡರು. ನನಗೆ ಬಂದದ್ದು ಕಳಾವರ್ ಗುಲಾಮ, ಕಳಾವರ್ ಎಂಟು, ಏಳು, ಮತ್ತು ಆಟೀನು ಎಕ್ಕ. ಗುಲಾಮನನ್ನು ಕಂಡದ್ದೇ ತಡ, ನಾನು 20 ಕೂಗಿಬಿಟ್ಟೆ. ಆಮೇಲೆ ನೋಡಿದರೆ ಕಾಕನ ಕೈಯಲ್ಲಿ ಕಳಾವರ್ ಒಂಬತ್ತೂ ಇತ್ತು, ಆಟೀನು ಗುಲಾಮನೂ ಇದ್ದ. 21 ಮಾಡಿ ಗೆದ್ದೆವು. ನಾನು ಎದ್ದು ಕುಣಿದೆ.

ಕಾಕ ಕುಣಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಅಂಗಡಿಯವರೊಬ್ಬರು ಚಾ ಕುಡಿದು ಬಂದರು. ಅವರು ಆಟ ನೋಡಿರಲಿಲ್ಲ. ಕಾಕ ನನಗೆ, "ಅವರಿಗೆ ಕೈ ಹೇಳು. ಎಲೆ ಹೇಳು, ಕೂಗಿದ್ದು ಹೇಳು. ಗೆದ್ದೆಯೋ ಸೋತೆಯೋ ಹೇಳಬೇಡ" ಎಂದರು. ನಾನು ಹೇಳಿದೆ. ಅವರು ಕೇಳಿ, "ಒಂದು ಗುಲಾಮ, ಎರಡು ಕಸ, ಅದಕ್ಕೆ ಇಪ್ಪತ್ತಾ? ಹದಿನೈದಕ್ಕೆ ಬಾಯಿ ಮುಚ್ಚಬೇಕಿತ್ತು" ಎಂದರು. "ಆದರೆ ನಾನು ಗೆದ್ದೆ!" ಎಂದು ಕೂಗಿದೆ. ಕಾಕ ಎಲೆ ಕಲಸುತ್ತಾ, "ಗೆದ್ದದ್ದು ನೀನಲ್ಲ ಮೋನೇ, ನಿನ್ನ ಎದುರು ಕೂತವನ ಎಲೆ" ಎಂದರು.

ಜಗಲಿಯ ಕಟ್ಟುನಿಟ್ಟಿನ ನಿಯಮ ಅದು: ಕೈ ಹೇಳುವಾಗ ಫಲ ಹೇಳಕೂಡದು. ಫಲ ಗೊತ್ತಾದರೆ ಕೇಳುವವನ ಬುದ್ಧಿ ಅದರ ಹಿಂದೆ ಓಡುತ್ತದೆ. ಗೆದ್ದವನು ಮಾಡಿದ್ದೆಲ್ಲ ಜಾಣತನವಾಗಿಯೂ ಸೋತವನು ಮಾಡಿದ್ದೆಲ್ಲ ದಡ್ಡತನವಾಗಿಯೂ ಕಾಣುತ್ತದೆ. ಇನ್ನೊಂದು ನಿಯಮವೂ ಇತ್ತು. ಗೆದ್ದ ಕೈಗಿಂತ ಸೋತ ಕೈಯನ್ನು ಹೆಚ್ಚು ಹೇಳಬೇಕು. ನಾನು ಕಥೆ ಬರೆಯಲು ಶುರು ಮಾಡಿದ ಮೇಲೆ ಅನ್ನಿಸಿದ್ದುಂಟು, ನನ್ನ ಮೊದಲ ಕಥಾ ಕಮ್ಮಟ ನಡೆದದ್ದು ಆ ಜಗಲಿಯಲ್ಲೇ ಎಂದು.

ಅಬ್ಬಾನಿಗೆ ಇದು ಹಿಡಿಸುತ್ತಿರಲಿಲ್ಲ. ಅವರು ಉರ್ದು ಶಾಲೆಯ ಮಾಸ್ಟರು. ನಾನೂ ಏಳನೆಯವರೆಗೆ ಅಲ್ಲೇ ಓದಿದವನು, ಕನ್ನಡಕ್ಕೆ ಬಂದದ್ದು ಹೈಸ್ಕೂಲಿನಲ್ಲಿ. "ಇವತ್ತು ಹಲಸಿನ ಎಲೆ, ನಾಳೆ ಹತ್ತು ರೂಪಾಯಿ" ಎನ್ನುತ್ತಿದ್ದರು. ಮದ್ರಸಾದಲ್ಲೂ ಅದೇ ಪಾಠ. ಕುರ್‌ಆನ್ ಮದ್ಯವನ್ನೂ ಮೈಸಿರನ್ನೂ, ಅಂದರೆ ಜೂಜನ್ನೂ, ಒಟ್ಟಿಗೇ ನಿಷೇಧಿಸಿದೆ. ಆದರೆ ಅದೇ ಅಬ್ಬಾ ಗಾಲಿಬ್ ಪಾಠ ಮಾಡುವಾಗ ಒಂದು ವಿಷಯವನ್ನು ದನಿ ತಗ್ಗಿಸಿ ಹೇಳುತ್ತಿದ್ದರು. 1847ರಲ್ಲಿ ದೆಹಲಿಯಲ್ಲಿ ಮಿರ್ಜಾ ಗಾಲಿಬರಿಗೆ ಜೂಜಿನ ಆರೋಪದಲ್ಲಿ ಆರು ತಿಂಗಳ ಸಜೆಯಾಯಿತು. ಮೂರು ತಿಂಗಳಿಗೆ ಬಿಡುಗಡೆಯಾದರು. ಆ ಅವಮಾನವನ್ನು ಗಾಲಿಬ್ ಮುಚ್ಚಿಡಲಿಲ್ಲ, ಜೈಲಿನ ಬಗ್ಗೆ ಪಾರ್ಸಿಯಲ್ಲಿ ಕವಿತೆಯನ್ನೇ ಬರೆದರು. ಕಾಕನ ಭಾಷೆಯಲ್ಲಿ ಹೇಳುವುದಾದರೆ, ತಮ್ಮ ಸೋತ ಕೈಯನ್ನು ಲೋಕಕ್ಕೆ ಹೇಳಿದರು.

ನಮ್ಮ ಕಡೆ ಇಸ್ಪೀಟಿಗೆ ಇನ್ನೊಂದು ಮುಖವೂ ಇದೆ. ಬಂಟ್ವಾಳವಾಗಲಿ ಬೆಳ್ತಂಗಡಿಯಾಗಲಿ, ಪೇಪರು ಓದುವವರಿಗೆ 'ಉಲಾಯಿ ಪಿದಾಯಿ' ಅಡ್ಡೆಗೆ ಪೊಲೀಸ್ ದಾಳಿ ಎಂಬ ಸುದ್ದಿ ಹೊಸದಲ್ಲ. ಬೇರೆ ಕಡೆ ಇದಕ್ಕೆ ಅಂದರ್ ಬಾಹರ್ ಎನ್ನುತ್ತಾರೆ. ಒಂದು ಎಲೆ ತೆರೆದಿಡುವುದು. ಆಮೇಲೆ ಒಳಗೊಂದು, ಹೊರಗೊಂದು ಎಲೆ ಹಾಕುತ್ತಾ ಹೋಗುವುದು. ಅದರ ಜೋಡಿ ಯಾವ ಕಡೆ ಬಿತ್ತೋ ಆ ಕಡೆ ಹಣ ಕಟ್ಟಿದವನು ಗೆದ್ದ. ಕಾಲೇಜಿನ ದಿನಗಳಲ್ಲಿ ಮೂಡುಬಿದಿರೆ ಕಡೆಯ ಒಂದು ಜಾತ್ರೆಯ ಹಿಂದಿನ ತೋಟದಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅದನ್ನು ನಿಂತು ನೋಡಿದ್ದೇನೆ. ಕೂಲಿಯ ಹಣ ಪೂರ್ತಿ ಕಳೆದುಕೊಂಡು ಎದ್ದುಬಂದ ಒಬ್ಬಾತನನ್ನು ಗೆಳೆಯರು "ಎಂಚ ಆಂಡ್?" ಎಂದು ಕೇಳಿದರು. ಆತ ಕೈ ಕೊಡವಿದ, ಅಷ್ಟೇ. ಹೇಳಲು ಏನಿದೆ? ಉಲಾಯಿ ಅಂದ, ಪಿದಾಯಿ ಬಿತ್ತು. ಆ ಆಟದಲ್ಲಿ ಹಣವಿದೆ, 'ಕೈ' ಇಲ್ಲ.

ಕಾನೂನು ಕೂಡ ಬಹುಕಾಲ ಇಂಥದೇ ಒಂದು ಗೆರೆ ಎಳೆದಿತ್ತು. 1968ರಲ್ಲಿ ಸುಪ್ರೀಂ ಕೋರ್ಟು, ಬಿದ್ದ ಎಲೆಗಳನ್ನು ನೆನಪಿಟ್ಟು ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕುವ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. 2013ರಲ್ಲಿ ನಮ್ಮ ಹೈಕೋರ್ಟು ಪೋಕರ್‌ನ್ನು ಕೌಶಲದ ಆಟವಾಗಿ ಆಡುವುದಾದರೆ ಲೈಸೆನ್ಸ್ ಬೇಡ ಎಂದಿತು. ಈ ಪೋಕರ್ ಎಂಬ ಪದ ನಮ್ಮ ಮನೆಯೊಳಗೆ ಬಂದದ್ದು ಆಪಾಳ ಮಗನ ಮೂಲಕ.

ಆಪಾಳನ್ನು ಕೊಟ್ಟದ್ದು ಬೆಳ್ತಂಗಡಿಗೆ. ಅವಳ ಮಗ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. 2022ರಲ್ಲಿ ವೇಣೂರಿನಲ್ಲಿ ನೆಂಟರ ಮದುವೆ. ಹಿಂದಿನ ರಾತ್ರಿ ಅಡುಗೆಯವರು ನೀರುಳ್ಳಿ ಹೆಚ್ಚುತ್ತಿದ್ದರೆ ನಾವು ಗಂಡಸರು ಚಪ್ಪರದಡಿ ಇಪ್ಪತ್ತೆಂಟಕ್ಕೆ ಕೂತಿದ್ದೆವು. ಆಟದ ನಡುವೆ ಹುಡುಗ, "ಮಾಮೂ, ಒಂದು ಕೈ ಹೇಳಲಾ?" ಎಂದ. ನನಗೆ ಮೈ ಜುಂ ಎಂದಿತು. ಆ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತು!

ಮೊದಲು ಆಟ ವಿವರಿಸಿದ. ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ತೆರೆಯುತ್ತವೆ. ಪ್ರತಿ ಹಂತದಲ್ಲೂ ಹಣ ಕಟ್ಟಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಅವನ ಗೆಳೆಯರ ಕೂಟದಲ್ಲಿ ಆಡಿದ ಕೈಗಳನ್ನು ಬರೆದು ಹಂಚಿಕೊಂಡು ಚರ್ಚಿಸುತ್ತಾರಂತೆ. ಯಾರು ಎಲ್ಲಿ ಕೂತಿದ್ದರು, ಯಾರ ಮುಂದೆ ಎಷ್ಟು ಹಣವಿತ್ತು, ಯಾರು ಯಾವಾಗ ಎಷ್ಟು ಕಟ್ಟಿದರು, ಎಲ್ಲವನ್ನೂ ಕ್ರಮವಾಗಿ ಬರೆಯಬೇಕು. "ಆದರೆ ಮಾಮೂ, ಕೊನೆಗೆ ಏನಾಯಿತು ಎಂದು ಮಾತ್ರ ಬರೆಯಬಾರದು" ಎಂದ. ನಾನು ಬೆರಗಾದೆ. ನಮ್ಮ ಕಾಕನ ನಿಯಮ ಎಲ್ಲೆಲ್ಲೋ ಸುತ್ತಿ ಬಂದು ವೇಣೂರಿನ ಚಪ್ಪರದಡಿ ಕೂತಿತ್ತು.

ಅವನು ಹೇಳಿದ ಕೈ ಹೀಗಿತ್ತು. ಅವನಲ್ಲಿ ಎರಡು ಆಟೀನು. ನಡುವೆ ತೆರೆದ ನಾಲ್ಕು ಎಲೆಗಳಲ್ಲಿ ಇನ್ನೆರಡು ಆಟೀನು. ಕೊನೆಯ ಎಲೆಯೂ ಆಟೀನೇ ಬಂದರೆ ಐದಾಗಿ ಗೆಲುವು. ನಡುವೆ 300 ರೂಪಾಯಿ ಬಿದ್ದಿದೆ. ಎದುರಾಳಿ ಇನ್ನೂ 300 ಕಟ್ಟಿದ. "ನೀವಾಗಿದ್ದರೆ?"

ಲೆಕ್ಕವನ್ನೂ ಅವನೇ ಕಲಿಸಿದ. ಕಂಡ ಎಲೆ ಆರು, ಕಾಣದ್ದು 46. ಅವುಗಳಲ್ಲಿ ಆಟೀನು 9. ಅಂದರೆ ಸುಮಾರು ಐದು ಸಲಕ್ಕೆ ಒಂದು ಸಲ ಬರುತ್ತದೆ. 300 ಕೊಟ್ಟರೆ ಸಿಗಬಹುದಾದದ್ದು 600. ಹಾಗೆ ಕೊಡಬೇಕಾದರೆ ಮೂರಕ್ಕೆ ಒಂದು ಸಲವಾದರೂ ಗೆಲ್ಲಬೇಕು. ಎದುರಾಳಿ ಬರೇ 100 ಕಟ್ಟಿದ್ದರೆ ಮಾತು ಬೇರೆ, ಹೆಚ್ಚು ಕಡಿಮೆ ಸರಿಹೋಗುತ್ತಿತ್ತು. "ಎಲೆ ಕೆಳಗಿಡಬೇಕು" ಎಂದೆ. "ಎಲ್ಲರೂ ಹಾಗೇ ಅಂದರು" ಎಂದು ನಕ್ಕ. "ಆದರೆ ನಾನು ಕಟ್ಟಿದೆ ಮಾಮೂ, ಆಟೀನೇ ಬಂತು!" ಅವನ ಮುಖ ಹೊಳೆಯುತ್ತಿತ್ತು. ಬ್ರಾಂಚಿನ ಜಗಲಿಯಲ್ಲಿ ಎದ್ದು ಕುಣಿದ ಹುಡುಗನ ಮುಖವೂ ಹೀಗೆಯೇ ಇದ್ದಿರಬೇಕು.

ಕಾಕನ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಆ 300 ರೂಪಾಯಿ ನಿಜವಾದ ಹಣವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೈಸಿರ್ ಬಗ್ಗೆ ಮದ್ರಸಾದಲ್ಲಿ ಕಲಿತದ್ದು ನೆನಪಿರಲಿಲ್ಲವೆಂದಲ್ಲ. ಆದರೆ ಹಳೆ ಕಾಲದ ಮಾಮೂ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಥೆಗಾರನಿಗೆ ಒಳ್ಳೆಯ ಕಥೆ ಸಿಕ್ಕಿತ್ತು. ನಾನು "ಇನ್ನೊಂದು ಹೇಳು" ಎಂದೆ.

2024ರ ಒಂದು ರಾತ್ರಿ ಆಪಾಳ ಫೋನ್ ಬಂತು. ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಮಗನ ಸಂಬಳವೆಲ್ಲ ಫೋನಿನ ಪೋಕರ್ ಮತ್ತು ರಮ್ಮಿಗೆ ಹೋಗಿತ್ತು. ಗೆಳೆಯರಿಂದ ಕೈಸಾಲ, ಸಾಲದ ಆ್ಯಪುಗಳಿಂದ ಸಾಲ. ಕೊನೆಗೆ, ಕೋರ್ಸಿಗೆ ಫೀಸು ಕಟ್ಟಬೇಕೆಂದು ಹೇಳಿ ಅವಳ ಬಳೆಗಳನ್ನು ಒಯ್ದು ಅಡವಿಟ್ಟಿದ್ದ. ಮರುದಿನ ಬೆಳಿಗ್ಗೆ ಬೆಳ್ತಂಗಡಿ ಬಸ್ಸು ಹತ್ತಿದೆ.

ಹುಡುಗ ಹಿಂಬದಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಬೈಯಲು ಬಂದಿರಲಿಲ್ಲ, ಉಪದೇಶ ಮಾಡುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಪಕ್ಕದಲ್ಲಿ ಕೂತು, "ಒಂದು ಕೈ ಹೇಳು" ಎಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಯಾವುದೂ ನೆನಪಿಲ್ಲ ಮಾಮೂ. ಕೊನೆಕೊನೆಗೆ ನಾಲ್ಕು ನಾಲ್ಕು ಮೇಜಿನಲ್ಲಿ ಒಟ್ಟಿಗೇ ಆಡುತ್ತಿದ್ದೆ. ಎಲೆ ನೋಡುತ್ತಿರಲಿಲ್ಲ. ಉಲಾಯಿ ಪಿದಾಯಿ ಆಗಿಬಿಟ್ಟಿತ್ತು." ಗೆಳೆಯರಿಗೆ ಕೈ ಬರೆಯುವುದನ್ನು ಯಾವಾಗ ನಿಲ್ಲಿಸಿದೆ ಎಂದು ಕೇಳಿದೆ. "ಸೋಲು ಶುರುವಾದ ಮೇಲೆ ನಾಚಿಕೆಯಾಯಿತು" ಎಂದ.

ಅಲ್ಲೇ ಇತ್ತು ಎಲ್ಲ. ಹುಡುಗನಿಗೆ ಲೆಕ್ಕ ಗೊತ್ತಿರಲಿಲ್ಲವೆಂದಲ್ಲ, 46ರಲ್ಲಿ 9 ಎಂದು ನನಗೆ ಕಲಿಸಿದವನೇ ಅವನು. ಆದರೆ ಒಬ್ಬನೇ ಕೂತು, ಬಾಗಿಲು ಹಾಕಿಕೊಂಡು, ರಾತ್ರಿ ಎರಡು ಗಂಟೆಗೆ ಆಡುವವನಿಗೆ "ಇದು ಕಸದ ಎಲೆ" ಎಂದು ಹೇಳುವವರು ಯಾರು? ಇನ್ನೊಂದನ್ನೂ ಅವನಿಂದಲೇ ತಿಳಿದೆ. ಆ ಆಟಗಳಲ್ಲಿ ಯಾರೇ ಗೆಲ್ಲಲಿ, ನಡುವಿನ ಹಣದಿಂದ ಕಂಪೆನಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಸಮಾನ ಜಾಣರು ನಾಲ್ವರು ಕೂತು ಬೆಳಗಿನವರೆಗೆ ಆಡಿದರೆ ನಾಲ್ವರ ಹಣವೂ ಕರಗುತ್ತದೆ. ಜಾತ್ರೆಯ ತೋಟದಲ್ಲಿ ಗ್ಯಾಸ್‌ಲೈಟ್ ಹಚ್ಚಿ ಕೂತವನಿಗೂ ಪಾಲು ಹೋಗುತ್ತಿತ್ತು. ನಮ್ಮ ಜಗಲಿಯಲ್ಲಿ ಪಾಲು ಕೇಳುತ್ತಿದ್ದದ್ದು ಹಲಸಿನ ಎಲೆಗೆ ಬಾಯಿ ಹಾಕುವ ಆಡು ಮಾತ್ರ.

ಸರಕಾರಗಳೂ ಸುಮ್ಮನೆ ಕೂತಿರಲಿಲ್ಲ. ಕರ್ನಾಟಕ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು, ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಆಡಿದವನಿಗೆ ಶಿಕ್ಷೆ ಇಲ್ಲ. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಆಪಾಳ ಬಳೆ ಹೋದದ್ದು ಅದಕ್ಕೂ ಮೊದಲು. ಅಲ್ಲದೆ ಮುಚ್ಚಿದ ಬಾಯಿಯನ್ನು ಯಾವ ಕಾನೂನು ತೆರೆಸೀತು? ನಮ್ಮ ಮನೆಗಳಲ್ಲಿ ಮಕ್ಕಳು ಗೆದ್ದ ಕೈಗಳನ್ನು ಮಾತ್ರ ಹೇಳಲು ಕಲಿತಿದ್ದಾರೆ. ಮಾರ್ಕು, ಸಂಬಳ, ಕಾರು. ಸೋತದ್ದನ್ನು ಹೇಳಿದರೆ ನಾವು ಮೊದಲು ಕೇಳುವುದು "ನೆಂಟರಿಗೆ ಗೊತ್ತಾಯಿತಾ?" ಎಂದು.

ಅಂದು ಬೆಳ್ತಂಗಡಿಯಲ್ಲಿ ನಾವು ಒಂದು ನೋಟುಬುಕ್ಕು ತರಿಸಿದೆವು. ಯಾರಿಂದ ಎಷ್ಟು, ಯಾವ ದಿನ, ಏನು ಸುಳ್ಳು ಹೇಳಿ ತಂದದ್ದು, ಎಲ್ಲವನ್ನೂ ಅವನೇ ಬರೆದ. ಬರೆದದ್ದನ್ನು ಅವನ ಅಮ್ಮನಿಗೆ ಓದಿ ಹೇಳಿದ. ಆಪಾ ಅತ್ತಳು, ಆದರೆ ನಡುವೆ ಒಂದು ಮಾತೂ ಆಡಲಿಲ್ಲ. ಓದಿ ಮುಗಿದ ಮೇಲೆ, "ಊಟ ಮಾಡು" ಎಂದಳು.

ಸಾಲ ಇನ್ನೂ ಪೂರ್ತಿ ತೀರಿಲ್ಲ. ಪ್ರತಿ ತಿಂಗಳು ಸಂಬಳ ಬಂದ ದಿನ ಹುಡುಗ ಅಮ್ಮನಿಗೆ ಫೋನು ಮಾಡಿ ನೋಟುಬುಕ್ಕಿನ ಲೆಕ್ಕ ಓದುತ್ತಾನೆ. ಊರಿಗೆ ಬಂದರೆ ನಮ್ಮ ಜಗಲಿಯಲ್ಲಿ ಇಪ್ಪತ್ತೆಂಟು ಆಡುತ್ತೇವೆ, ಹಲಸಿನ ಎಲೆ ಇಟ್ಟು. ಅದೂ ಬೇಡ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಅವರ ಮಾತನ್ನು ನಾನು ಈಗ ಮೊದಲಿನ ಹಾಗೆ ನಕ್ಕು ತಳ್ಳಿಹಾಕುವುದಿಲ್ಲ.

ಅವನ ಕೈ ಅವನು ಹೇಳಿಯಾಯಿತು. ನನ್ನದು ಉಳಿದಿತ್ತು. ವೇಣೂರಿನ ಚಪ್ಪರದಡಿ ಎಲ್ಲ ಎಲೆಗಳೂ ನನ್ನ ಮುಂದೆ ತೆರೆದಿದ್ದವು, ನಾನು "ಇನ್ನೊಂದು ಹೇಳು" ಎಂದೆ. ಹೋದ ರಂಜಾನಿನಲ್ಲಿ ಆಪಾಳಿಗೆ ಅದನ್ನು ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಅಂದೇ ಕೇಳಬಾರದಿತ್ತೇನೋ?" ಎಂದಳು. ಕೇಳಬೇಕಿತ್ತು.